ಐದೂ ನಲವತ್ತು

“ಎಣಿಸೋದಕ್ಕೂ ಒಂದು ಮರ್ಯಾದೆ ಅಂತ ಇದೆ. ದೋಣಿ ದಡಕ್ಕೆ ಬಂತು ಅಂದ್ಕೊಳ್ಳಿ. ಮೊದಲು ಯಾರನ್ನ ಇಳಿಸ್ತೀರಿ? ಮಕ್ಕಳನ್ನ. ಕಲ್ಲು ಜಾರತ್ತೆ ನೋಡ್ಕೋ ಅಂತ ಕೈ ಹಿಡಿದು ಚಿಕ್ಕವರನ್ನ ಮೊದಲು ಇಳಿಸ್ತೀರಿ. ದೊಡ್ಡವರು ಆಮೇಲೆ ತಾವೇ ಇಳ್ಕೋತಾರೆ. ನಮ್ಮಜ್ಜಿ ಕುರಿ ಎಣಿಸ್ತಿದ್ದದ್ದೂ ಹಾಗೇ. ಐದೂ ನಲವತ್ತು. ಐದು ಮೊದಲು, ನಲವತ್ತರ ಹಿಂಡು ಹಿಂದೆ. ಅಜ್ಜಿಗೆ ಅವಳ ಅಜ್ಜಿ ಹಾಗೆ ಹೇಳಿಕೊಟ್ಟಿದ್ಳು. ಈಗ ರಾಜಧಾನಿಯಿಂದ ಕಾಗದ ಬಂದಿದೆ. ಇನ್ನು ಮೇಲೆ ನಲವತ್ತೈದು ಅನ್ನಬೇಕಂತೆ. ದೊಡ್ಡವರು ಧಡಧಡ ಅಂತ ಹಾರಿ ಇಳಿದುಬಿಡೋದು, ಮಕ್ಕಳು ದೋಣೀಲೇ ಕೂತಿರೋದು. ಯಾಕಪ್ಪಾ ಅಂದ್ರೆ ಟೆಲಿಫೋನಿನವರಿಗೆ ಬರ್ಕೊಳ್ಳೋಕೆ ಸುಲಭವಂತೆ. ನಾನು ಕೇಳ್ತೀನಿ, ತಂತಿಗೋಸ್ಕರ ನಾಲಿಗೆಯೋ, ನಾಲಿಗೆಗೋಸ್ಕರ ತಂತಿಯೋ? ನಾಳೆ ತಂತಿಗೆ ನಮ್ಮ ಹೆಸರು ಉದ್ದ ಆಯ್ತು ಅಂದ್ರೆ ಹೆಸರನ್ನೂ ಕತ್ತರಿಸ್ಕೊಳ್ಳೋಣವೋ? ನಾನು ಈ ಕುರ್ಚಿ ಮೇಲೆ ಕೂತಿರೋವರೆಗೂ ಸ್ಕಾರ್ವಿಕ್ ಮಂಡಳಿಯ ಕೆಲಸದಲ್ಲಿ ಐದೂ ನಲವತ್ತೇ. ಬರ್ಕೊಳ್ಳಿ.”

೧೯೫೧ರ ಜೂನ್ ತಿಂಗಳ ಸಭೆಯಲ್ಲಿ ಅಧ್ಯಕ್ಷ ಆನ್‌ಫಿನ್ ಶೆಲ್ಡೆ ಹೀಗೆಂದಾಗ, ಹಿಂದಿನ ಬೆಂಚಿನಿಂದ ಅಂಗಡಿಯ ರೋಲ್ವ್, “ನೀನು ಕುರ್ಚಿ ಮೇಲೆ ಕೂತದ್ದನ್ನ ನೋಡಿದವರು ಯಾರಯ್ಯಾ?” ಎಂದ. ಸಭೆ ನಕ್ಕಿತು. ಆನ್‌ಫಿನ್ನನೂ ನಕ್ಕ. ಆಗಲೂ ಅವನು ಕುರ್ಚಿಯ ಹಿಂದೆ, ಅದರ ಬೆನ್ನು ಹಿಡಿದು ನಿಂತೇ ಇದ್ದ.

ಗುನ್ವೋರ್ ಈ ಭಾಷಣವನ್ನು ಬಾಗಿಲ ಬಳಿ ನಿಂತು ಕೇಳಿದ್ದಳು. ಟೆಲಿಫೋನಿನವರು ಎಂದರೆ ಊರಿನಲ್ಲಿ ಅವಳೊಬ್ಬಳೇ. ಊರಿನ ಟೆಲಿಫೋನ್ ಫಲಕ ಇಪ್ಪತ್ತು ವರ್ಷದಿಂದ ಅವಳ ಅಡುಗೆಮನೆಯ ಗೋಡೆಯಲ್ಲಿತ್ತು. ಯಾರ ಮನೆಯಲ್ಲಾದರೂ ಹಿಡಿ ತಿರುಗಿಸಿದರೆ ಫಲಕದಲ್ಲಿ ಅವರ ಪುಟ್ಟ ಮುಚ್ಚಳ ಟಕ್ ಎಂದು ಬೀಳುತ್ತಿತ್ತು. ಅವಳು ಒಲೆಯಿಂದ ಎದ್ದು ಬಂದು ತಂತಿ ಸಿಕ್ಕಿಸುತ್ತಿದ್ದಳು. ಗಂಡ ಹೆರಿಂಗ್ ಮೀನಿನ ದೋಣಿಯಲ್ಲಿ ಹೋದವನು ವಾಪಸು ಬಂದಿರಲಿಲ್ಲ. ಆ ಫಲಕವೇ ಅವಳ ಅನ್ನ, ಅವಳ ಸಂಗಾತಿ. ಹೊಸ ಎಣಿಕೆ ಜುಲೈ ಒಂದರಿಂದ ಜಾರಿಗೆ ಬಂದಾಗ ಪೇಟೆಯ ತಂತಿ ಕಚೇರಿಯವರು ಅವಳನ್ನು ಕರೆಸಿ ಎರಡು ವಾರ ಪಾಠ ಮಾಡಿದ್ದರು. ಕಿವಿಗೆ ಮೊದಲು ಬಿದ್ದ ಅಂಕಿಯನ್ನು ಮೊದಲು ಬರೆ, ಆಮೇಲೆ ಬಿದ್ದದ್ದನ್ನು ಆಮೇಲೆ ಬರೆ, ನಡುವೆ ಯೋಚನೆ ಮಾಡಬೇಡ. ಐವತ್ತೆಂಟನೆಯ ವಯಸ್ಸಿನಲ್ಲಿ ಅವಳ ಕೈ ಅದನ್ನು ಕಲಿತುಕೊಂಡಿತು. ಕಲಿಯುವ ಮೊದಲು ಎರಡು ಸಲ ತಪ್ಪು ಮನೆಗೆ ತಂತಿ ಕೊಟ್ಟು ಎರಡು ಎಚ್ಚರಿಕೆಯ ಕಾಗದ ಬಂದಿದ್ದವು. ಮೂರನೆಯದು ಬಂದರೆ ಫಲಕ ಕಿತ್ತುಕೊಂಡು ಬೇರೆ ಮನೆಗೆ ಹಾಕುತ್ತಾರೆ ಎಂದು ಅದರಲ್ಲೇ ಬರೆದಿತ್ತು.

ಆನ್‌ಫಿನ್ ಮಾತ್ರ ಹಟ ಬಿಡಲಿಲ್ಲ.

“ಗುನ್ವೋರ್, ಆರೂ ಮೂವತ್ತು ಕೊಡೇ.”

“ಅರವತ್ತಮೂರೋ, ಮೂವತ್ತಾರೋ?”

“ಆರೂ ಮೂವತ್ತು ಅಂದೆ. ಕಿವಿ ಕೆಟ್ಟಿದ್ಯಾ?”

“ನನ್ನ ಕಿವಿ ಸರಿಯಾಗಿದೆ. ಸರಕಾರದ ಕಿವಿಗೆ ಹೇಳು.”

“ಸರಕಾರದ ಕಿವಿಗೆ ನನ್ನ ಮಾತು ಯಾವತ್ತು ಬಿದ್ದಿದೆ? ರೋಲ್ವ್‌ನ ಅಂಗಡಿ ಕಣೇ, ಕೊಡು!”

ಅವಳು ಕೊಡುತ್ತಿದ್ದಳು. ಈ ಜಗಳ ಅವರಿಬ್ಬರದು ಒಂದನೆಯ ತರಗತಿಯಿಂದ ಬಂದದ್ದು. ಆಗ ‘ನಾನು’ ಎನ್ನುವ ಮಾತನ್ನು ಅವನು ಪುಸ್ತಕದಲ್ಲಿದ್ದಂತೆ ಬರೆಯದೆ ಅಮ್ಮ ಆಡುವಂತೆ ಬರೆದಿದ್ದ. ಮೇಷ್ಟ್ರು ಬೆರಳ ಗೆಣ್ಣಿನ ಮೇಲೆ ಹೊಡೆದು, ಪೇಟೆಯ ಬರಹದಲ್ಲಿ ಹತ್ತು ಸಲ ತಿದ್ದಿ ಬರೆಸಿದರು. ಹನ್ನೊಂದನೆಯ ಸಲ ಅವನು ಮತ್ತೆ ಅಮ್ಮನ ‘ನಾನು’ ಬರೆದು ಕೈ ಮುಂದೆ ಚಾಚಿದ. ಪಕ್ಕದ ಬೆಂಚಿನಲ್ಲಿದ್ದ ಗುನ್ವೋರ್ ಕಣ್ಣು ಮುಚ್ಚಿಕೊಂಡಿದ್ದಳು; ಏಟಿನ ಸದ್ದು ಮಾತ್ರ ಕೇಳಿತ್ತು.

ಅವನ ಮುಂದಿನ ಬದುಕೆಲ್ಲ ಆ ಹನ್ನೊಂದನೆಯ ಸಲದಂತೆಯೇ ನಡೆಯಿತು. ಇನ್ನೊಬ್ಬರ ನೆಲದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಮೀನುಗಾರನ ಮಗ. ಹತ್ತೊಂಬತ್ತಕ್ಕೆ ಜನಪದ ಶಾಲೆಗೆ ಹೋಗಿ ಒಂದು ಚಳಿಗಾಲ ಓದಿ, ಒಂದು ಚೀಲ ಹಾಡು ಹೊತ್ತುಕೊಂಡು ಬಂದ. ಬಂದವನು ಹಾಡುವ ಮೇಳ ಕಟ್ಟಿದ. ಮುದುಕಿಯರ ಮನೆ ಮನೆಗೆ ಹೋಗಿ ಹಳೆಯ ಕುಣಿತದ ಹೆಜ್ಜೆ ಕೇಳಿ ಕಲಿತ. ಒಂದೊಂದು ಹೊಲಮನೆಯಿಂದ ಒಂದೊಂದು ಮರದ ದಿಮ್ಮಿ ಬೇಡಿ ಯುವಕ ಸಂಘದ ಮನೆ ಎಬ್ಬಿಸಿದ. ದಿಮ್ಮಿ ಕೊಡದವನು ರೋಲ್ವ್‌ನ ಅಪ್ಪ ಒಬ್ಬನೇ. ಆದ್ದರಿಂದ ಆ ಗೋಡೆಯಲ್ಲಿ ಒಂದು ದಿಮ್ಮಿಯ ಜಾಗಕ್ಕೆ ಹಲಗೆ ಹೊಡೆದು, ಯಾರು ಕೇಳಿದರೂ “ಅದು ರೋಲ್ವ್‌ನ ಮನೆಯವರದು” ಎಂದು ತೋರಿಸುತ್ತಿದ್ದ. ಯುದ್ಧದಲ್ಲಿ ಜರ್ಮನರು ಸಂಘದ ಮನೆಯ ಬೀಗದಕೈ ಕೇಳಿದಾಗ ಅವರ ಕಣ್ಣೆದುರೇ ಅದನ್ನು ನೀರಿಗೆ ಎಸೆದ. ಅವರು ಬಾಗಿಲು ಒಡೆದರು, ಅವನನ್ನು ಒಂಬತ್ತು ತಿಂಗಳು ಬೇಲಿಯೊಳಗೆ ಸೆರೆ ಇಟ್ಟರು. ಅಲ್ಲಿಂದ ಬಂದ ಮೇಲೆ ಅವನಿಗೆ ಮುಚ್ಚಿದ ಬಾಗಿಲಿನ ಕೋಣೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಸಭೆಯಲ್ಲಿ ನಿಲ್ಲುವನು, ಊಟದಲ್ಲಿ ನಿಲ್ಲುವನು, ಇಗರ್ಜಿಯಲ್ಲೂ ಹಿಂದಿನ ಗೋಡೆಗೆ ಒರಗಿ ನಿಲ್ಲುವನು. ಹೊಸದಾಗಿ ಮಾಡಿಸಿದ ಬೀಗದಕೈ ಜೇಬಿನಲ್ಲಿ ಗಿಲಗಿಲ ಎನ್ನುತ್ತಿತ್ತು. ಆ ಸದ್ದು ಕೇಳಿದರೆ ಊರಿನವರು ಕಾಫಿ ಲೋಟ ಕೈಗೆ ಕೊಡುತ್ತಿದ್ದರು, ಕುರ್ಚಿ ಎಳೆಯುತ್ತಿರಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಊರ ಮುಂದೆ ಚಾಚಿದ ಕಡಲತೋಳಿನ ಆಚೆ ದಡದ ಶಾಲೆಯಲ್ಲಿ ಮತದಾನ ಬಂತು. ಮಕ್ಕಳಿಗೆ ಕಲಿಸುವುದು ಪೇಟೆಯ ಬರಹವನ್ನೋ, ನಮ್ಮ ಆಡುಮಾತಿನಿಂದ ಬಂದ ಬರಹವನ್ನೋ ಎಂದು ಆಚೆ ದಡದವರು ಚೀಟಿ ಹಾಕಬೇಕು. ಆನ್‌ಫಿನ್ ಹೊಡೆತ ತಿಂದದ್ದು ಅದೇ ಶಾಲೆಯಲ್ಲಿ. ಒಂದು ತಿಂಗಳು ಅವನು ದೋಣಿಯಲ್ಲಿ ಆಚೆ ಈಚೆ ಓಡಾಡಿ ಗಂಟಲು ಕಟ್ಟಿಸಿಕೊಂಡ. ರೋಲ್ವ್‌ನೂ ಸುಮ್ಮನಿರಲಿಲ್ಲ, ಮಕ್ಕಳು ನಾಳೆ ಪೇಟೆಯಲ್ಲಿ ಕೆಲಸ ಹುಡುಕುವಾಗ ಅಜ್ಜಿಯ ಮಾತು ಅನ್ನ ಹಾಕುವುದಿಲ್ಲ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಅಕ್ಟೋಬರಿನಲ್ಲಿ ಮಂಡಳಿಯ ಚುನಾವಣೆ ಬೇರೆ. ಅಧ್ಯಕ್ಷನ ಕುರ್ಚಿಗೆ ರೋಲ್ವ್ ನಿಂತಿದ್ದ.

ಸೋಮವಾರ ನಾಲ್ಕು ಗಂಟೆಗೆ ಆಚೆ ದಡದ ಮುಚ್ಚಳ ಬಿತ್ತು. ಅದೇ ಹೊತ್ತಿಗೆ ಇನ್ನೆರಡು ಮುಚ್ಚಳ ಬಿದ್ದವು, ಒಲೆಯ ಮೇಲೆ ಹಾಲು ಉಕ್ಕಿತು. ಚೀಟಿ ಎಣಿಸಿದವನು ರೈತ ಮೋನ್ಸ್. ಟೆಲಿಫೋನಿದ್ದರೂ ತನ್ನ ಧ್ವನಿಯೇ ನೀರು ದಾಟಬೇಕು ಎಂಬಂತೆ ಕೂಗುವವನು.

“ಬರ್ಕೋ! ನಮ್ಮ ಬರಹಕ್ಕೆ ಐದೂ ನಲವತ್ತು! ಪೇಟೆ ಬರಹಕ್ಕೆ ನಾಲ್ಕೂ ಐವತ್ತು! ಇಡ್ತೀನಿ, ಹಸು ಕಾಯ್ತಿದೆ!”

ಮೋನ್ಸ್‌ನ ಕೂಗಿನಲ್ಲಿ ಸುಖ ಯಾವುದು, ದುಃಖ ಯಾವುದು ಎಂದು ಹೇಳುವುದು ಯಾರಿಂದಲೂ ಆಗದು. ಬರೆದದ್ದನ್ನು ಓದಿ ಒಪ್ಪಿಸಬೇಕೆಂಬ ನಿಯಮವಿತ್ತು. ಅಷ್ಟರಲ್ಲಿ ಅವನು ಇಟ್ಟೇಬಿಟ್ಟಿದ್ದ. ಗುನ್ವೋರ್ ಹಾಲು ಇಳಿಸಿ, ತಾನು ಬರೆದುಕೊಂಡ ಚೀಟಿಯಲ್ಲಿದ್ದುದನ್ನು ಪೇಟೆಗೆ ತಂತಿಯಲ್ಲಿ ಹೇಳಿ, ಆಮೇಲೆ ಆನ್‌ಫಿನ್ನನನ್ನು ಕರೆದಳು.

“ನಮ್ಮ ಬರಹಕ್ಕೆ ಐವತ್ತನಾಲ್ಕು. ಅವರಿಗೆ ನಲವತ್ತೈದು.”

ಆ ಕಡೆ ಬೀಗದಕೈ ಸದ್ದು ಮಾತ್ರ.

“ಮನುಷ್ಯರು ಹೇಳೋ ಹಾಗೆ ಹೇಳೇ ಒಂದ್ಸಲ.”

“ನಾಲ್ಕೂ ಐವತ್ತು ಕಣೋ. ಗೆದ್ದೆ.”

“ಗುನ್ವೋರ್,” ಎಂದ ಅವನು.

ಮರುದಿನ ಬೆಳಿಗ್ಗೆ ಅವಳ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಸಂಘದ ಮನೆಯ ಕಂಬಕ್ಕೆ ಬಾವುಟ ಏರಿತು. ಮೇಳದವರು ಹಿಡಿದ ಕೆಲಸ ಬಿಟ್ಟು ಬಂದು ಮೆಟ್ಟಿಲ ಮೇಲೆ ನಿಂತು ಎರಡು ಹಾಡು ಹಾಡಿದರು. ಆನ್‌ಫಿನ್ ಮದುವೆಮನೆಗೆ ಒಯ್ಯುವಂತಹ ಬಣ್ಣದ ಮರದ ಬಾನಿಯಲ್ಲಿ ಹುಳಿಕೆನೆಯ ಗಂಜಿ ತುಂಬಿಸಿಕೊಂಡು, ನಾಲ್ಕು ಜನರನ್ನು ಹಿಂದೆ ಹಾಕಿಕೊಂಡು, ನೇರ ರೋಲ್ವ್‌ನ ಅಂಗಡಿಗೆ ನಡೆದ. ಅಲ್ಲಿ ಅವನು, “ದುಃಖದ ಮನೇಲಿ ಒಲೆ ಹಚ್ಚಿರಲ್ಲ ಅಂತ ಊಟ ತಂದೆ” ಎಂದದ್ದು ಅರ್ಧ ಗಂಟೆಯಲ್ಲಿ ಐದು ತಂತಿಗಳಲ್ಲಿ ಹರಿದಾಡಿತು. ಗುನ್ವೋರ್ ಐದು ಸಲವೂ ಕೇಳಿ ಐದು ಸಲವೂ ನಕ್ಕಳು.

ಹನ್ನೊಂದಕ್ಕೆ ಆಚೆ ದಡದ ಮುಚ್ಚಳ ಬಿತ್ತು.

“ಗುನ್ವೋರ್! ಅಲ್ಲಿ ಯಾರು ಸತ್ರು?” ಮೋನ್ಸ್ ಕೂಗಿದ.

“ಯಾರೂ ಇಲ್ವಲ್ಲ. ಯಾಕೆ?”

“ಬಾವುಟ ಕಾಣತ್ತೆ ಇಲ್ಲಿಗೆ! ಸತ್ತಿದ್ರೆ ಅರ್ಧಕ್ಕೆ ಇರಬೇಕು, ಇದು ತುದೀಲಿದೆ! ಸೋತದ್ದಕ್ಕೆ ಪೂರ್ತಿ ಬಾವುಟ ಹಾರಿಸ್ತಾನಾ ಆನ್‌ಫಿನ್? ತಲೆಗೆ ಗಾಳಿ ಹೊಡೀತಾ?”

“ಸೋತದ್ದು?”

“ಮತ್ತಿನ್ನೇನು? ನಿನ್ನೆ ಹೇಳಿದ್ನಲ್ಲ! ಐದೂ ನಲವತ್ತು ನಮಗೆ!”

ಗುನ್ವೋರ್ ಮೊಳೆಗೆ ಸಿಕ್ಕಿಸಿದ್ದ ಚೀಟಿ ತೆಗೆದಳು. ಐದು, ಅದರ ಮುಂದೆ ನಾಲ್ಕು. ಕೆಳಗೆ ನಾಲ್ಕು, ಅದರ ಮುಂದೆ ಐದು. ಕಿವಿಗೆ ಬಿದ್ದ ಕ್ರಮದಲ್ಲೇ, ಕಲಿಸಿದ ಹಾಗೇ ಕೈ ಬರೆದಿತ್ತು. ಒಂದೇ ಸಂಖ್ಯೆ ತಿರುಗಿದ್ದರೆ ಲೆಕ್ಕ ಕೂಡದೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಎರಡೂ ತಿರುಗಿ ಒಂದರ ಮನೆಯಲ್ಲಿ ಇನ್ನೊಂದು ಹೋಗಿ ಕೂತಿತ್ತು.

ಬೇರೆ ದಿನವಾಗಿದ್ದರೆ ತಿದ್ದಿಕೊಳ್ಳುತ್ತಿದ್ದೆನೇನೋ ಎಂದು ಅವಳಿಗೆ ಅನ್ನಿಸಿತು. ಮೋನ್ಸ್ ಹಳೆಯ ಎಣಿಕೆಯವನು ಎಂದು ಗೊತ್ತಿತ್ತಲ್ಲ. ಆದರೆ ಆನ್‌ಫಿನ್ ಗೆಲ್ಲಲಿ ಎಂದು ತನಗೂ ಆಸೆಯಿತ್ತು. ಕೈ ತಪ್ಪಿತೋ, ಮನಸ್ಸೇ ತಪ್ಪಿಸಿತೋ? ಫಲಕದ ಮುಂದೆ ಕೂತಳು, ಎದ್ದಳು, ಮತ್ತೆ ಕೂತಳು. ಕೊನೆಗೆ ಪೇಟೆಗೆ ತಂತಿ ಹಚ್ಚಿ ಸರಿಯಾದ ಸಂಖ್ಯೆ ಹೇಳಿದಳು. ಮೊದಲು ಅದು ಆಗಬೇಕಿತ್ತು.

ತಂತಿ ಕಚೇರಿಯ ಮೇಲ್ವಿಚಾರಕರು ತಾವೇ ಮಾತಾಡಿದರು. “ಇದು ಮೂರನೇದು ಅಲ್ವೇನಮ್ಮಾ?”

“ಹೌದು ಸಾರ್.”

“ಎರಡು ಗಂಟೆಗೆ ಕರೀತೀನಿ. ಯಾರು ಏನು ಹೇಳಿದ್ರು, ನೀವು ಏನು ಬರೆದ್ರಿ, ಎಲ್ಲ ಬೇಕು. ಜಿಲ್ಲೆಯ ಶಾಲಾ ಕಚೇರಿಗೆ ನಾನು ಉತ್ತರ ಕೊಡಬೇಕು.”

ಆಮೇಲೆ ಆನ್‌ಫಿನ್ನನ ಮನೆಗೆ ಕರೆದಳು. ಅವನ ಹೆಂಡತಿ ಸಿನ್ನೋವೆ, “ಅವನು ಮನೇಲಿ ಸಿಗಬೇಕಾದ್ರೆ ಜ್ವರ ಬರಬೇಕು. ಅಂಗಡಿ ಕಡೆ ನೋಡು” ಎಂದಳು. ಅಂಗಡಿಯಲ್ಲಿ ಸಿಕ್ಕ.

“ಬಾ ಇಲ್ಲಿ,” ಎಂದಳು ಗುನ್ವೋರ್.

“ಏನೇ?”

“ಟೆಲಿಫೋನಿನಲ್ಲಿ ಹೇಳೋದಲ್ಲ. ಬಾ.”

ಗಿಲಗಿಲ ಸದ್ದು ಅಂಗಳ ದಾಟಿ ಬಂತು. ಅವನ ಕೋಟಿನ ಮೇಲೆ ಗಂಜಿಯ ಕಲೆ, ಮುಖದ ತುಂಬ ನಗು. ಅವಳು ಚೀಟಿ ಕೈಗೆ ಕೊಟ್ಟು ಎರಡೇ ಮಾತಿನಲ್ಲಿ ಹೇಳಿದಳು. ಅವನು ಚೀಟಿಯನ್ನು ಓದಿದ. ತಿರುಗಿಸಿ ಹಿಂದೆ ನೋಡಿದ, ಅಲ್ಲಿ ಬೇರೆ ಏನೋ ಬರೆದಿರಬಹುದು ಎಂಬಂತೆ.

“ಸೋತ್ವಾ?”

“ಸೋತ್ರಿ.”

ಅವನು ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ನಡೆದ. ಕಿಟಕಿಯಲ್ಲಿ ಬಾವುಟ ಪಟಪಟ ಎನ್ನುತ್ತಿತ್ತು. ಅಷ್ಟರಲ್ಲಿ ಅಂಗಡಿಯ ಮುಚ್ಚಳ ಬಿತ್ತು. ಗುನ್ವೋರ್ ತಂತಿ ಸಿಕ್ಕಿಸಿದಳು. ಸುದ್ದಿ ಆಗಲೇ ದೋಣಿಯಲ್ಲಿ ನೀರು ದಾಟಿತ್ತು.

“ಗುನ್ವೋರಮ್ಮಾ, ನಿನ್ನ ಹತ್ತಿರ ಇದ್ದಾನಂತಲ್ಲ ಅಧ್ಯಕ್ಷ,” ರೋಲ್ವ್‌ನ ಧ್ವನಿ ಕೋಣೆಯ ತುಂಬ ಕೇಳುತ್ತಿತ್ತು. “ಗಂಜಿ ಚೆನ್ನಾಗಿತ್ತು ಅಂತ ಹೇಳು. ಬಾನಿ ತೊಳೆದು ಇಟ್ಟಿದ್ದೀನಿ. ಮತ ಎಣಿಸೋದನ್ನೂ ಅಜ್ಜಿ ಹತ್ರ ಕಲಿತ್ರಾ ಅಂತ ಕೇಳು. ಇದಕ್ಕೆ ನಮ್ಮ ಕಡೆ ಮೋಸ ಅಂತಾರೆ, ಅವನ ಬರಹದಲ್ಲಿ ಏನಂತಾರೋ!”

ಅವಳು ತಂತಿ ಕಿತ್ತಳು. ಆನ್‌ಫಿನ್ನನ ಕಿವಿ ಕೆಂಪಾಗಿತ್ತು.

“ಮೋಸ ಅಂತೆ,” ಎಂದ. “ಚುನಾವಣೆಗೆ ನಾಲ್ಕು ವಾರ ಇದೆ. ಊರೆಲ್ಲ ಇದನ್ನೇ ಹೇಳ್ಕೊಂಡು ತಿರುಗ್ತಾನೆ.” ಮತ್ತೆ ಕಿಟಕಿಗೆ ಹೋದ. “ಟೆಲಿಫೋನಿನ ತಪ್ಪು ಅಂದ್ರೆ ಮುಗೀತು. ಯಾರದೂ ತಪ್ಪಲ್ಲ. ತಂತಿ ಅಂದ್ಮೇಲೆ ಹೀಗೆಲ್ಲ ಆಗತ್ತೆ. ಟೆಲಿಫೋನು ತಪ್ಪಾಗಿ ಬರ್ಕೊಳ್ತು, ಅಷ್ಟೇ.”

“ಟೆಲಿಫೋನು ಅಂದ್ರೆ ನಾನು ಕಣೋ,” ಎಂದಳು ಗುನ್ವೋರ್.

ಅವನು ನಿಂತ. ಎರಡು ಗಂಟೆಗೆ ಪೇಟೆಯಿಂದ ಕರೆ ಬರುತ್ತದೆ, ಇದು ಮೂರನೆಯ ತಪ್ಪು ಎಂದು ಅವಳು ಹೇಳಿದಳು. ಇನ್ನೊಂದು ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಜೂನ್ ಸಭೆಯ ಮಾರನೆಯ ವಾರ ಆನ್‌ಫಿನ್ ಎಲ್ಲ ಸಮಿತಿಗಳಿಗೂ ಮಂಡಳಿಯ ಮುದ್ರೆ ಹಾಕಿ ಒಂದು ಕಾಗದ ಕಳಿಸಿದ್ದ. ಮಂಡಳಿಯ ವಿಷಯವನ್ನು ಟೆಲಿಫೋನಿನಲ್ಲಿ ಹೇಳುವಾಗಲೂ ಹಳೆಯ ಎಣಿಕೆಯನ್ನೇ ಬಳಸಬೇಕೆಂದು. ಆ ಕಾಗದವನ್ನು ಮೋನ್ಸ್ ತಂತಿಯಲ್ಲಿ ಗಟ್ಟಿಯಾಗಿ ಓದಿ ನಕ್ಕದ್ದನ್ನು ಅವಳೇ ಕೇಳಿದ್ದಳು. ಆದರೆ ಇಪ್ಪತ್ತು ವರ್ಷದಲ್ಲಿ ಕಿವಿಗೆ ಬಿದ್ದದ್ದನ್ನು ಅವಳು ಯಾರ ಮುಖಕ್ಕೂ ಎಸೆದವಳಲ್ಲ. ಈಗಲೂ ಎಸೆಯಲಿಲ್ಲ.

ಅವನು ಹೊರಟುಹೋದ. ಬಾಗಿಲು ತೆರೆದೇ ಇತ್ತು.

ಆ ಒಂದೂವರೆ ಗಂಟೆ ಗುನ್ವೋರಳ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ನೂಲು ತೆಗೆದಳು, ಕಾಲುಚೀಲ ಹೆಣೆಯುವಾಗ ಕುಣಿಕೆ ತಪ್ಪಿತು. ಆಲೂಗಡ್ಡೆ ಬಾಣಲೆಗೆ ಸುರಿದಳು, ಸಿಪ್ಪೆ ತೆಗೆಯದೆ ಬಿಟ್ಟಳು. ಊರಿಗೆ ಊರೇ ಮಾತಾಡುತ್ತಿತ್ತು. ಎಲ್ಲ ಮಾತೂ ಅವಳ ಕೈ ದಾಟಿ ಹೋಗಬೇಕಿತ್ತು. “ಗುನ್ವೋರಿಗೆ ವಯಸ್ಸಾಯ್ತು ಪಾಪ” ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು, ಅವಳೇ ಸಿಕ್ಕಿಸಿಕೊಟ್ಟ ತಂತಿಯಲ್ಲಿ. ಫಲಕ ಇಲ್ಲದ ಗೋಡೆ ಹೇಗೆ ಕಾಣಬಹುದು ಎಂದು ಅವಳು ಕಲ್ಪಿಸಿಕೊಂಡಳು. ಇಪ್ಪತ್ತು ವರ್ಷದ ಹೊಗೆಯಲ್ಲಿ ಒಂದು ಬಿಳಿಯ ಚೌಕ ಉಳಿಯುತ್ತದೆ, ಅಷ್ಟೇ.

ಕಿಟಕಿಯಲ್ಲಿ ಆನ್‌ಫಿನ್ ಕಾಣಿಸುತ್ತಿದ್ದ. ದೋಣಿಕಟ್ಟೆಗೆ ಹೋದ, ತಿರುಗಿದ. ಸಂಘದ ಮನೆಯ ಬಾಗಿಲು ತೆರೆದ, ಒಳಗೆ ಹೋಗದೆ ಮುಚ್ಚಿದ. ಮಂಡಳಿಯ ಕಚೇರಿಗೆ ಹೋದ. ಬಹಳ ಹೊತ್ತು ಬರಲಿಲ್ಲ. ಒಂದೂಮುಕ್ಕಾಲಿಗೆ ಬಾವುಟ ಇಳಿಯಿತು. ಅದನ್ನು ಅವನೊಬ್ಬನೇ, ನೆಲಕ್ಕೆ ತಾಗದಂತೆ ಗಲ್ಲದ ಕೆಳಗೆ ಒತ್ತಿ ಹಿಡಿದು ಮಡಿಸುವುದನ್ನು ಅವಳು ನೋಡಿದಳು.

ಎರಡಕ್ಕೆ ಹತ್ತು ನಿಮಿಷವಿರುವಾಗ ಬಂದ. ಕೈಯಲ್ಲಿ ಮಡಿಸಿದ ಒಂದು ಕಾಗದ.

“ಊರಿಗೆಲ್ಲ ಒಟ್ಟಿಗೆ ಗಂಟೆ ಹೊಡಿ.”

“ಅದು ಬಿರುಗಾಳಿ ಬರುವಾಗ ಹೊಡೆಯೋದು.”

“ಇದೇನು ತಂಗಾಳಿ ಅಂದ್ಕೊಂಡ್ಯಾ? ಹೊಡಿಯೇ.”

ಅವಳು ಎಲ್ಲ ತಂತಿಗಳನ್ನೂ ಕೂಡಿಸಿ ಹಿಡಿ ತಿರುಗಿಸಿದಳು. ಒಂದೇ ಉದ್ದದ ಗಂಟೆ. ಮನೆಮನೆಯಲ್ಲೂ ರಿಸೀವರ್ ಎತ್ತುವ ಸದ್ದು, ಉಸಿರಾಟ, ಎಲ್ಲೋ ಒಂದು ಮಗುವಿನ ಅಳು. ಅವನು ಫಲಕದ ಮಾತಿನ ಕೊಳವೆಯ ಹತ್ತಿರ ಬಾಯಿ ತಂದ.

“ನಾನು ಆನ್‌ಫಿನ್ ಶೆಲ್ಡೆ. ನಿನ್ನೆ ಆಚೆ ದಡದಲ್ಲಿ ನಮ್ಮ ಬರಹಕ್ಕೆ ಬಂದ ಮತ...” ನಿಂತ. ತುಟಿ ಅಲ್ಲಾಡಿತು. ಆ ಸಂಖ್ಯೆ ಅವನ ಬಾಯಿಗೆ ಹೊಸ ಬೂಟಿನಂತೆ ಕಚ್ಚುತ್ತಿತ್ತು. “ನಲವತ್ತ... ಐದು. ನಲವತ್ತೈದು. ಪೇಟೆ ಬರಹಕ್ಕೆ ಐವತ್ತನಾಲ್ಕು. ಎರಡನೇ ಸಲ ಯಾರೂ ತಪ್ಪು ಕೇಳಿಸ್ಕೋಬಾರದು ಅಂತ ಸರಕಾರ ಹೇಳಿದ ಹಾಗೇ ಹೇಳ್ತಿದ್ದೀನಿ. ನಾವು ಸೋತಿದ್ದೀವಿ. ಮೊದಲು ತಪ್ಪಾದದ್ದು ಗುನ್ವೋರಿಂದ ಅಲ್ಲ, ಮೋನ್ಸಿಂದಲೂ ಅಲ್ಲ. ಅವಳು ಮೇಲಿನವರು ಕಲಿಸಿದ ಹಾಗೆ ಬರೆದ್ಳು, ಅವನು ನಾನು ಹೇಳಿದ ಹಾಗೆ ಓದಿದ. ಹಳೇ ಎಣಿಕೇಲೇ ಹೇಳಿ ಅಂತ ನಾನು ಕಾಗದ ಕಳಿಸಿದ್ದೆ. ಅದರ ಪ್ರತಿ ಇಲ್ಲಿದೆ, ಪೇಟೆಗೆ ಕಳಿಸ್ತಿದ್ದೀನಿ. ಮಕ್ಕಳನ್ನ ಮೊದಲು ಇಳಿಸಬೇಕು ಅಂದವನು ನಾನು. ಈ ದೋಣಿಯಿಂದ ನಾನೇ ಮೊದಲು ಇಳೀತೀನಿ. ರೋಲ್ವ್, ಬಾನಿ ಅಲ್ಲೇ ಇಟ್ಕೋ, ಅಕ್ಟೋಬರ್‌ನಲ್ಲಿ ನಿನಗೆ ಬೇಕಾಗಬಹುದು.”

ಯಾರೋ ನಕ್ಕರು. ಯಾರೋ ಮೂಗು ಒರೆಸಿಕೊಂಡರು. ಆಚೆ ದಡದಿಂದ ಮೋನ್ಸ್ ಕೂಗಿದ: “ಬಾವುಟ ಇಳಿಸಿದ್ಯಾ?”

“ಇಳಿಸ್ದೆ ಮಾರಾಯಾ!”

ಎರಡು ಗಂಟೆಗೆ ಪೇಟೆಯ ಕರೆ ಬಂದಾಗ ಗುನ್ವೋರ್ ಬಾಯಿ ತೆರೆಯುವ ಮೊದಲೇ ಅವನು ಕಾಗದ ಬಿಚ್ಚಿ, ಮುದ್ರೆಯ ಸಂಖ್ಯೆಯ ಸಮೇತ, ಒಂದಕ್ಷರ ಬಿಡದೆ ಓದಿದ. ಮೇಲ್ವಿಚಾರಕರು ಎಲ್ಲವನ್ನೂ ಬರೆದುಕೊಂಡು, “ಅಧ್ಯಕ್ಷರು ಮೊದಲೇ ಹೊಸ ಎಣಿಕೆ ಕಲಿತಿದ್ರೆ ನಮಗಿಷ್ಟು ಕೆಲಸ ಇರ್ತಿರಲಿಲ್ಲ” ಎಂದರು. ಓದಿ ಒಪ್ಪಿಸದೆ ಇದ್ದದ್ದಕ್ಕೆ ಗುನ್ವೋರಿಗೆ ಬಾಯಿಮಾತಿನಲ್ಲೇ ಒಂದು ಬೈಗುಳ ಬಿತ್ತು. ಕಾಗದ ಬರಲಿಲ್ಲ. ಫಲಕ ಗೋಡೆಯಲ್ಲೇ ಉಳಿಯಿತು.

ಅವಳು ಎದ್ದು ಕಾಫಿ ಬಗ್ಗಿಸಿ, ಬೆಣ್ಣೆ ಸವರಿದ ಲೆಫ್ಸೆ ರೊಟ್ಟಿ ಮಡಿಸಿ ಕೊಟ್ಟಳು. ಅವನು ನಿಂತೇ ತಿಂದ.

“ಆ ಶಾಲೇಲಿ ಇನ್ನೂ ಅದನ್ನೇ ಬರೆಸ್ತಾರೆ,” ಎಂದ. “ಹತ್ತು ಸಲ.”

“ಹನ್ನೊಂದನೇ ಸಲ ಏನು ಬರೀತಾರೋ ಯಾರಿಗೆ ಗೊತ್ತು,” ಎಂದಳು ಗುನ್ವೋರ್.

ಅಕ್ಟೋಬರಿನಲ್ಲಿ ಅವನು ಸೋತ. ರೋಲ್ವ್ ಕುರ್ಚಿಯ ಮೇಲೆ ಕೂತ, ಚೆನ್ನಾಗಿಯೇ ಕೂತ. ಬಣ್ಣದ ಬಾನಿ ಗಂಜಿ ತುಂಬಿಕೊಂಡು ಶೆಲ್ಡೆಯವರ ಮನೆಗೆ ವಾಪಸು ಬಂತೆಂದು ಸಿನ್ನೋವೆ ಹೇಳಿದಳು. ಯಾರು ಇಟ್ಟು ಹೋದರೆಂದು ಹೇಳಲಿಲ್ಲ. ಆನ್‌ಫಿನ್‌ಗೆ ಮೇಳ ಉಳಿಯಿತು, ಬೀಗದಕೈ ಉಳಿಯಿತು. ಆಚೆ ದಡಕ್ಕೆ ಓಡಾಡುವುದನ್ನೂ ಅವನು ಬಿಡಲಿಲ್ಲ. ಮುಂದಿನ ಮತದಾನಕ್ಕೆ ಐದು ವರ್ಷವಿತ್ತು, ಅವನಿಗೆ ಆಗಲೇ ತಡವಾಗಿತ್ತು. ಒಂದು ಮಾತ್ರ ಬದಲಾಯಿತು. ಆಮೇಲೆ ಎಂದೂ ಅವನು ಟೆಲಿಫೋನಿನಲ್ಲಿ ಸಂಖ್ಯೆ ಹೇಳಲಿಲ್ಲ, ಹಳೆಯದರಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಗುನ್ವೋರ್ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಾಗ ಶೆಲ್ಡೆಯ ಮುಚ್ಚಳ ಬಿತ್ತು. ಏಪ್ರನ್ನಿಗೆ ಕೈ ಒರೆಸಿಕೊಂಡು ತಂತಿ ಸಿಕ್ಕಿಸಿದಳು.

“ಯಾವ ಸಂಖ್ಯೆ?”

“ರೋಲ್ವ್‌ನ ಅಂಗಡಿ ಕೊಡೇ.”

“ಸಂಖ್ಯೆ ಹೇಳಬೇಕು. ನಿಯಮ.”

“ಅಂಗಡಿ ಅಂದೆನಲ್ಲ! ಊರಲ್ಲಿ ಎಷ್ಟು ಅಂಗಡಿ ಇದೆ? ನಿಂತಿದ್ದೀನಿ ಇಲ್ಲಿ.”

“ನೀನು ಯಾವತ್ತು ಕೂತಿದ್ದೆ,” ಎಂದು ಅವಳು ಕೊಟ್ಟಳು. ಮತ್ತೆ ಮೊಣಕಾಲ ಮೇಲೆ ಬೋಗುಣಿ ಇಟ್ಟುಕೊಂಡು, ಅರ್ಧಕ್ಕೆ ಬಿಟ್ಟಿದ್ದ ಆಲೂಗಡ್ಡೆಯನ್ನು ಕೈಗೆತ್ತಿಕೊಂಡು, ಕಪ್ಪು ಕಣ್ಣನ್ನು ಚಾಕುವಿನ ತುದಿಯಿಂದ ಕೆತ್ತಿ ತೆಗೆದು ನೀರಿಗೆ ಹಾಕಿದಳು.